ಮುತ್ತತ್ತಿಯ ನೀರಿಗೆ ಪದ ಹುಡುಕಿದ್ದು

ಮಳವಳ್ಳಿ ತಾಲ್ಲೂಕಿನ ಹಲಗೂರನ್ನು ದಾಟಿದ ಮೇಲೆ ಕಾಡಿನ ಇಳಿಜಾರುಗಳಲ್ಲಿ ತಿರುಗುತ್ತ ಸಾಗುವ ರಸ್ತೆ ಕಾವೇರಿಯ ದಡದಲ್ಲಿ ಕೊನೆಗೊಳ್ಳುತ್ತದೆ. ಅಲ್ಲಿರುವುದೇ ಮುತ್ತತ್ತಿ: ಒಂದು ಆಂಜನೇಯನ ಗುಡಿ, ಕೆಲವು ಮನೆ ಅಂಗಡಿಗಳು, ದಡದುದ್ದಕ್ಕೂ ಹೊಳೆಮತ್ತಿ ಮರಗಳು, ಅವುಗಳಾಚೆ ಬಂಡೆಗಳ ನಡುವೆ ಹರಿಯುವ ನೀರು. ಸುತ್ತಲಿನ ಕಾಡು 1987ರಿಂದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದೆ. ಸೀತೆಯ ಮೂಗುತಿಯ ಮುತ್ತು ಹೊಳೆಗೆ ಬಿದ್ದಾಗ ಹನುಮಂತನು ತನ್ನ ಬಾಲದಿಂದ ನೀರನ್ನು ಕಡೆದು ಅದನ್ನು ಎತ್ತಿಕೊಟ್ಟನೆಂದೂ, ‘ಮುತ್ತೆತ್ತಿ’ ಎಂಬುದೇ ಮುತ್ತತ್ತಿಯಾಯಿತೆಂದೂ ಸ್ಥಳಪುರಾಣ ಹೇಳುತ್ತದೆ. ಈ ಮುತ್ತತ್ತಿರಾಯನ ಹೆಸರನ್ನೇ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರು ತಮ್ಮ ಮಗನಿಗೆ ಇಟ್ಟರು. ಮುತ್ತುರಾಜನೆಂಬ ಆ ಬಾಲಕನೇ ಮುಂದೆ ರಾಜಕುಮಾರ್ ಆದದ್ದು ಕನ್ನಡಿಗರೆಲ್ಲ ಬಲ್ಲ ಸಂಗತಿ. ಸ್ಥಳಪುರಾಣದ ಹೊಳೆ ತಾನು ನುಂಗಿದ್ದನ್ನು ಹಿಂದಕ್ಕೆ ಕೊಡುತ್ತದೆ. ಇಂದಿನ ಹೊಳೆಯ ಕುರಿತು ಸುತ್ತಲ ಊರಿನವರು ಹೇಳುವ ಮಾತು ಬೇರೆಯೇ. ವಿಹಾರಕ್ಕೆ ಬಂದವರು ನೀರಿಗಿಳಿದು ಮರಳಿ ಬಾರದ ಸುದ್ದಿ ಈ ಭಾಗದ ಪತ್ರಿಕಾ ಓದುಗರಿಗೆ ಹೊಸತಲ್ಲ.

ಇದೇ ನೀರಿಗೆ ಸಂಬಂಧಿಸಿದ ಎರಡು ಪುಟಗಳ ಇಂಗ್ಲಿಷ್ ಬರಹವೊಂದು ಒಬ್ಬ ನಿವೃತ್ತ ಕನ್ನಡ ಅಧ್ಯಾಪಕರ ಕೈಗೆ ಬಂದಿತು. ಕಳುಹಿಸಿದವನು ಅವರ ಹಳೆಯ ಶಿಷ್ಯ. ನದಿಯಲ್ಲಿ ಕೊಚ್ಚಿಹೋಗುವವರನ್ನು ರಕ್ಷಿಸುವ ವಿದ್ಯೆಯನ್ನು ಹೊರಗೆ ಕಲಿತು ಬಂದು, ಹಲಗೂರಿನ ಕಡೆಯ ಹುಡುಗರಿಗೆ ಅದನ್ನು ಹೇಳಿಕೊಡಲು ಹೊರಟಿದ್ದನು. ಶ್ರಾವಣದ ಶನಿವಾರಗಳಲ್ಲಿ ಜನ ಹೆಚ್ಚುವ ಮುನ್ನ ಕನ್ನಡದ ಕರಪತ್ರವೊಂದು ಸಿದ್ಧವಾಗಬೇಕೆಂಬುದು ಅವನ ಆಸೆ. ಅಧ್ಯಾಪಕರು ಮೂವತ್ತು ವರ್ಷಗಳ ಕಾಲ ಶಬ್ದಮಣಿದರ್ಪಣವನ್ನು ಪಾಠ ಹೇಳಿದವರು. ಎರಡು ಪುಟಗಳ ಅನುವಾದಕ್ಕೆ ಒಂದು ಸಂಜೆ ಸಾಕೆಂದು ಅವರು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅದು ಮೂರು ವಾರ ಹಿಡಿಯಿತು.

ಕೈಬರಹದ ಕಾಲದವರಾದರೂ ಅಂತರ್ಜಾಲದ ಕೋಶಗಳ ಬಳಕೆ ಅವರಿಗೆ ರೂಢಿಯಾಗಿತ್ತು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಿಂದ 2016ರಲ್ಲಿ ಆರಂಭವಾದ ‘ಭಾರತವಾಣಿ’, ರಾಜ್ಯ ಸರ್ಕಾರದ ‘ಪದಕಣಜ’, ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಕಟ್ಟಿದ, ಒಂದೂವರೆ ಲಕ್ಷಕ್ಕೂ ಮೀರಿದ ಪದಗಳ ‘ಅಲರ್’ ಇವೆಲ್ಲ ಅವರ ಗಣಕದಲ್ಲಿ ಸದಾ ತೆರೆದಿರುತ್ತಿದ್ದವು. ಒಂದು ಪದವನ್ನು ಬೆರಳಚ್ಚಿಸಿದರೆ ಹತ್ತಾರು ನಿಘಂಟುಗಳ ಅರ್ಥ ಒಂದೇ ತೆರೆಯ ಮೇಲೆ ಬರುವುದು, ಕಿಟ್ಟೆಲ್ ಕೋಶದ ಪುಟ ತಿರುವಿ ಬೆಳೆದವರಿಗೆ ಇಂದಿಗೂ ಒಂದು ಸಣ್ಣ ಬೆರಗೇ.

ಮೊದಲ ಸಂಜೆಯ ಹುಡುಕಾಟದಲ್ಲಿ ಆ ಬೆರಗು ನಗೆಯಾಗಿ ಮಾರ್ಪಟ್ಟಿತು. ಬರಹದಲ್ಲಿ ‘ಸ್ಟ್ರೈನರ್’ ಎಂದಿತ್ತು. ಹೊಳೆಗೆ ಅಡ್ಡ ಬಿದ್ದ ಮರದ ಕೊಂಬೆರೆಂಬೆಗಳ ಮೂಲಕ ನೀರು ನುಗ್ಗಿಹೋಗುತ್ತದೆ, ಮನುಷ್ಯನ ದೇಹ ಮಾತ್ರ ಅಲ್ಲೇ ಒತ್ತಿಕೊಂಡು ನಿಲ್ಲುತ್ತದೆ. ಆ ಅಡ್ಡಿಗೆ ಈ ಹೆಸರು. ತೆರೆಯ ಮೇಲೆ ಸೋಸುಕ, ಜರಡಿ, ಶೋಧಕ ಎಂದು ಬಂದವು. ಬಂಡೆಯ ಬುಡವನ್ನು ನೀರು ಕೊರೆದು ಒಳಗೆ ಪೊಳ್ಳು ಮಾಡಿದ್ದರೆ ಅದು ‘ಅಂಡರ್‌ಕಟ್’ ಬಂಡೆ. ಕೋಶವು ಇದನ್ನು ವ್ಯಾಪಾರದ ಮಾತೆಂದು ತಿಳಿದು, ಪ್ರತಿಸ್ಪರ್ಧಿಗಿಂತ ಕಡಿಮೆ ಬೆಲೆಗೆ ಮಾರು ಎಂಬ ಅರ್ಥ ಕೊಟ್ಟಿತು. ‘ಹೈಡ್ರಾಲಿಕ್’ ಎಂದರೆ ಬಂಡೆಯ ಮೇಲಿಂದ ಧುಮುಕಿದ ನೀರು ಕೆಳಗೆ ತನ್ನ ಮೇಲೆಯೇ ಮಗುಚಿಕೊಂಡು ಸುತ್ತುವ ಜಾಗ. ಅದಕ್ಕೆ ದೊರೆತದ್ದು ದ್ರವಚಾಲಿತ, ಅಂದರೆ ಟ್ರ್ಯಾಕ್ಟರಿನ ಹಿಂಬದಿಯ ಯಂತ್ರ. ಯಾವ ಅರ್ಥವೂ ತಪ್ಪಲ್ಲ. ಪ್ರತಿಯೊಂದೂ ತನ್ನ ಕ್ಷೇತ್ರದಲ್ಲಿ ಸರಿ. ಆದರೆ ಕೊಚ್ಚಿಹೋಗುತ್ತಿರುವವನಿಗೆ ಜರಡಿಯಿಂದ ದೂರವಿರೆಂದು ಹೇಳುವುದು ಹೇಗೆ?

ನಿಘಂಟಿಗೂ ಪರಿಭಾಷಾ ಕೋಶಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಅಡಗಿದೆ. ನಿಘಂಟು ಪದದಿಂದ ಹೊರಟು ಅರ್ಥಗಳಿಗೆ ಹೋಗುತ್ತದೆ. ಪರಿಭಾಷಾ ಕೋಶ ಪರಿಕಲ್ಪನೆಯಿಂದ ಹೊರಟು ಪದಕ್ಕೆ ಬರಬೇಕು. ಐರೋಪ್ಯ ಒಕ್ಕೂಟದ ಸಂಸ್ಥೆಗಳು 2004ರಿಂದ ಒಟ್ಟಾಗಿ ಬಳಸುತ್ತಿರುವ, 2007ರಲ್ಲಿ ಸಾರ್ವಜನಿಕರಿಗೂ ತೆರೆದ ‘ಐಯೇಟ್’ ಎಂಬ ಪದಸಂಚಯದಲ್ಲಿ ಪ್ರತಿ ನಮೂದೂ ಒಂದು ಪರಿಕಲ್ಪನೆ. ಯಾವ ಕ್ಷೇತ್ರಕ್ಕೆ ಸೇರಿದ್ದು, ಎಷ್ಟು ನಂಬಬಹುದು ಎಂಬ ಗುರುತುಗಳೂ ಜೊತೆಗಿರುತ್ತವೆ. ನಮ್ಮಲ್ಲಿ ಬಹುಪಾಲು ಆಗಿರುವುದು ಅಚ್ಚಿನ ನಿಘಂಟುಗಳನ್ನು ಗಣಕಕ್ಕೆ ಏರಿಸುವ ಕೆಲಸ. ಅದು ಸಣ್ಣ ಕೆಲಸವಲ್ಲ, ಕೃತಜ್ಞತೆಯಿಂದ ನೆನೆಯಬೇಕಾದದ್ದೇ. ಆದರೆ ಹತ್ತು ನಿಘಂಟುಗಳನ್ನು ಒಂದೆಡೆ ಸುರಿದ ಮಾತ್ರಕ್ಕೆ ಪರಿಭಾಷೆ ಸಿದ್ಧವಾಗುವುದಿಲ್ಲ.

‘ಅಂಡರ್‌ಕರೆಂಟ್’ ಎಂಬ ಪದದ ಬಳಿ ಅಧ್ಯಾಪಕರು ಎರಡು ದಿನ ನಿಂತರು. ದೊರೆತ ಪದಗಳು ಬಹಳ: ಅಂತಃಪ್ರವಾಹ, ಅಂತರ್ವಾಹಿನಿ, ಗುಪ್ತಗಾಮಿನಿ, ಒಳಹರಿವು, ಒಳಪ್ರವಾಹ. ಗುಪ್ತಗಾಮಿನಿಯೂ ಅಂತರ್ವಾಹಿನಿಯೂ ಸಾಹಿತ್ಯವಿಮರ್ಶೆಯಲ್ಲಿ ಚಲಾವಣೆಯಾಗಿ ಸವೆದ ನಾಣ್ಯಗಳು. ಕಾದಂಬರಿಯ ಕರುಣರಸಕ್ಕೂ ಚುನಾವಣೆಯ ಗಾಳಿಗೂ ಅವನ್ನು ಹಚ್ಚಿ ಹಚ್ಚಿ ಅವುಗಳಲ್ಲಿ ನೀರೇ ಉಳಿದಿಲ್ಲ. ಒಳಹರಿವು ಒಳ್ಳೆಯ ಪದ. ಆದರೆ ಮಂಡ್ಯದ ರೈತನಿಗೆ ಅದರ ಅರ್ಥ ಬೇರೆ. 124.80 ಅಡಿಯ ಕನ್ನಂಬಾಡಿ ಕಟ್ಟೆಗೆ ಇಂದು ಎಷ್ಟು ಕ್ಯೂಸೆಕ್ ನೀರು ಬರುತ್ತಿದೆ ಎಂಬುದನ್ನು ಪತ್ರಿಕೆಗಳು ಮಳೆಗಾಲವಿಡೀ ಒಳಹರಿವು, ಹೊರಹರಿವು ಎಂದೇ ಅಚ್ಚು ಮಾಡುತ್ತವೆ. ‘ಇಲ್ಲಿ ಒಳಹರಿವು ಇದೆ’ ಎಂಬ ಹಲಗೆಯನ್ನು ಕಂಡರೆ ಈ ಜಿಲ್ಲೆಯವರಿಗೆ ಸಂತೋಷವೇ ಆದೀತು.

ಒಳಪ್ರವಾಹದಲ್ಲಿ ಅವರಿಗೆ ಬೇರೊಂದು ತೊಡಕು. ‘ಒಳ’ ಎಂಬುದು ಕನ್ನಡ, ‘ಪ್ರವಾಹ’ ಎಂಬುದು ಸಂಸ್ಕೃತ. ಅದು ಅರಿಸಮಾಸ. ಮರಳುತ್ತಿರುವ ಹಾಲಿಗೆ ಮಜ್ಜಿಗೆಯ ಹನಿ ಬೆರೆತಂತೆ ಇಂಥ ಜೋಡಣೆ ಕೆಡುತ್ತದೆಂದು ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲೇ ಎಚ್ಚರಿಸಿತು. 1112ರ ಧರ್ಮಾಮೃತದಲ್ಲಿ ನಯಸೇನನು ತುಪ್ಪಕ್ಕೂ ಎಣ್ಣೆಗೂ ಹೊಂದಿಕೆಯುಂಟೇ ಎಂದು ಕೇಳಿದನು. ಕೇಶಿರಾಜನು ನಿಷೇಧವನ್ನು ಸೂತ್ರದಲ್ಲಿ ಕಟ್ಟಿದರೂ ಬಿರುದಾವಳಿಗಳಿಗೆ, ಪೂರ್ವಕವಿಗಳ ಪ್ರಯೋಗಗಳಿಗೆ ವಿನಾಯಿತಿ ಕೊಟ್ಟನು. ವಿನಾಯಿತಿ ಕೊಡಲೇಬೇಕಾಯಿತೆಂಬುದೇ ನಿಷೇಧ ಎಷ್ಟು ಪಾಲನೆಯಾಗುತ್ತಿತ್ತು ಎಂಬುದಕ್ಕೆ ಸಾಕ್ಷಿ ಎಂದು ಅಧ್ಯಾಪಕರೇ ತರಗತಿಯಲ್ಲಿ ಹೇಳಿ ನಗಿಸುತ್ತಿದ್ದರು. ಆದರೂ ಒಳಪ್ರವಾಹ ಎಂದು ಬರೆಯಲು ಅವರ ಕೈ ಮುಂದಾಗಲಿಲ್ಲ. ನಿತ್ಯಜೀವನದಲ್ಲಿ ಲಾಠಿಪ್ರಹಾರ, ಟಿಕೆಟ್ಟುಧಾರಿಗಳ ನಡುವೆ ಬದುಕುವ ನಮಗೆ ಇದು ಹಟವೆಂದು ತೋರಬಹುದು. ಹಟವೇ ಹೌದು.

ಕನ್ನಡದಲ್ಲಿ ಶಾಸ್ತ್ರಕ್ಕೆ ಪದ ಹುಡುಕುವ ಈ ಪಾಡು ಇಂದಿನದಲ್ಲ. ಅದರ ಚರಿತ್ರೆಯ ಬಹುದೊಡ್ಡ ಭಾಗ ಜೈನ ಲೇಖಕರದು. ರನ್ನನ ಹೆಸರಿನ ರನ್ನಕಂದದಲ್ಲಿ ಉಳಿದಿರುವುದು ಬೆರಳೆಣಿಕೆಯ ಪದ್ಯಗಳಾದರೂ ಕನ್ನಡ ಪದಕ್ಕೆ ಅರ್ಥ ಹೇಳುವ ಉದ್ಯಮ ಹತ್ತನೆಯ ಶತಮಾನದಷ್ಟು ಹಳೆಯದೆಂಬುದನ್ನು ಅದು ತೋರಿಸುತ್ತದೆ. ಎರಡನೆಯ ನಾಗವರ್ಮನ ವಸ್ತುಕೋಶ ಕನ್ನಡ ಕಾವ್ಯದಲ್ಲಿ ಬಳಕೆಯಾಗುವ ಸಂಸ್ಕೃತ ಪದಗಳಿಗೆ ಅರ್ಥ ಒದಗಿಸಿತು. ಶ್ರೀಧರಾಚಾರ್ಯನ ಜಾತಕತಿಲಕ 1049ರದು. ರಾಜಾದಿತ್ಯನು ಗಣಿತವನ್ನು, ಕೀರ್ತಿವರ್ಮನು ಗೋವೈದ್ಯವನ್ನು, ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದರು. ಹದಿನಾಲ್ಕನೆಯ ಶತಮಾನದ ಮಂಗರಾಜನು ಖಗೇಂದ್ರಮಣಿದರ್ಪಣದಲ್ಲಿ ವಿಷಚಿಕಿತ್ಸೆಯನ್ನು ಕನ್ನಡದಲ್ಲಿ ಹೇಳಿದನು. ಇವುಗಳಲ್ಲಿ ಕಡೆಯದನ್ನು ಕುರಿತು ಸ್ವಲ್ಪ ಯೋಚಿಸಬೇಕು. ಕಾವ್ಯದಲ್ಲಿ ಒಂದು ಪದ ಪಕ್ಕಕ್ಕೆ ಜರುಗಿದರೆ ರಸಕ್ಕೆ ಹಾನಿ. ವಿಷಚಿಕಿತ್ಸೆಯಲ್ಲಿ ಒಂದು ಗಿಡದ ಹೆಸರು ಪಕ್ಕಕ್ಕೆ ಜರುಗಿದರೆ ಪ್ರಾಣಕ್ಕೆ ಹಾನಿ. ನಮ್ಮ ಸಾಹಿತ್ಯಚರಿತ್ರೆಗಳು ಈ ಗ್ರಂಥಗಳನ್ನು ಶಾಸ್ತ್ರಸಾಹಿತ್ಯವೆಂಬ ಕಡೆಯ ಅಧ್ಯಾಯದಲ್ಲಿ ಒಂದೊಂದು ವಾಕ್ಯದಲ್ಲಿ ಮುಗಿಸುವುದುಂಟು. ಅನುವಾದಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳಾದರೂ ಅವುಗಳ ಕಡೆ ತಿರುಗಿ ನೋಡಬೇಕು.

ಆಧುನಿಕ ಕಾಲದಲ್ಲಿ 1915ರಲ್ಲಿ ಪರಿಷತ್ತು ಹುಟ್ಟಿತು, 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರ ‘ವಿಜ್ಞಾನ’ ಪತ್ರಿಕೆ ಹೊರಟಿತು. ಬಿ.ಎಂ.ಶ್ರೀ. ಅವರ ಹೆಸರಿನೊಡನೆ ನೆನೆಯುವ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಬಂದಿತು. ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟಿನ ಮೊದಲ ಸಂಪುಟ 1970ರದು, ಕಡೆಯದು 1995ರದು. ಅದಕ್ಕಾಗಿ ದುಡಿದ ಜಿ. ವೆಂಕಟಸುಬ್ಬಯ್ಯನವರ ಗಂಜಾಂ ಇದೇ ಮಂಡ್ಯ ಜಿಲ್ಲೆಯ ಊರು, ಇದೇ ಕಾವೇರಿಯ ಮೇಲಿನ ದಂಡೆ. ಅವರು ಕಂಡ ನೀರೇ ಶಿವನಸಮುದ್ರದಲ್ಲಿ ಧುಮುಕಿ ಮುತ್ತತ್ತಿಗೆ ಬರುತ್ತದೆ.

ಅನುವಾದದ ನಾಲ್ಕನೆಯ ದಿನ ಅಧ್ಯಾಪಕರು ಒಂದು ವಾಕ್ಯವನ್ನು ಬರೆದು ನಿಲ್ಲಿಸಿದರು. ಮೂಲದಲ್ಲಿ, ನೀರಿನಲ್ಲಿ ಕೊಚ್ಚಿಹೋಗುವವನು ಬೆನ್ನ ಮೇಲೆ ಮಲಗಿ, ಕಾಲನ್ನು ಹರಿವಿನ ದಿಕ್ಕಿಗೆ ಚಾಚಿ, ಸಮೀಪದ ‘ಎಡಿ’ಯ ಕಡೆಗೆ ಕೈಯಾಡಿಸುತ್ತ ಸಾಗಬೇಕು ಎಂದಿತ್ತು. ಎಡಿ ಎಂದರೆ ಸುಳಿ. ಹುಡುಕಿದ ಕಡೆಯಲ್ಲೆಲ್ಲ ಸುಳಿಯೇ. ಭೌತಶಾಸ್ತ್ರದವರು ವಿದ್ಯುತ್ತಿಗೂ ಅದನ್ನೇ ಹಚ್ಚಿ ಸುಳಿಪ್ರವಾಹ ಎಂದಿದ್ದಾರೆ. ಹೀಗಾಗಿ ಕನ್ನಡದ ವಾಕ್ಯವು ‘ಸಮೀಪದ ಸುಳಿಯ ಕಡೆಗೆ ಈಜಿರಿ’ ಎಂದಾಯಿತು. ಕಾಗದದ ಮೇಲೆ ಆ ನಾಲ್ಕು ಪದಗಳನ್ನು ನೋಡುತ್ತಿದ್ದಂತೆ ಅವರ ಮೈ ತಣ್ಣಗಾಯಿತು. ಮುತ್ತತ್ತಿಯಲ್ಲಿ ಸುಳಿಯ ಕಡೆಗೆ ಈಜಿರೆಂದು ಹೇಳುವ ಕರಪತ್ರ!

ಶಿಷ್ಯನಿಗೆ ದೂರವಾಣಿ ಮಾಡಿದರು. ಅವನ ವಿವರಣೆ ಸ್ಪಷ್ಟವಾಗಿತ್ತು. ಹರಿವಿಗೆ ಬಂಡೆ ಅಡ್ಡ ಬಂದಾಗ ನೀರು ಎರಡೂ ಬದಿಗೆ ಸೀಳಿ ಮುಂದೆ ಹೋಗುತ್ತದೆ. ಬಂಡೆಯ ಕೆಳಬದಿಯಲ್ಲಿ ಒಂದು ಜಾಗ ಖಾಲಿಯಾಗುತ್ತದೆ. ಆ ಖಾಲಿಯನ್ನು ತುಂಬಲು ನೀರು ಹಿಂದಕ್ಕೆ, ಬಂಡೆಯ ಬೆನ್ನಿನ ಕಡೆಗೆ, ನಿಧಾನವಾಗಿ ತಿರುಗುತ್ತದೆ. ಅಲ್ಲಿ ಸೆಳೆತ ಇಲ್ಲವೆಂದೇ ಹೇಳಬಹುದು. ಕೊಚ್ಚಿಹೋಗುವವನು ಅಲ್ಲಿ ಸೇರಿಕೊಂಡರೆ ಉಸಿರು ತೆಗೆದುಕೊಂಡು ಹಗ್ಗಕ್ಕಾಗಿ ಕಾಯಬಹುದು. ಅದೇ ಬಂಡೆಯ ಮೇಲ್ಬದಿ, ನೀರು ಬಂದು ಬಡಿಯುವ ಬದಿ, ಅಪಾಯದ್ದು. ಇಂಗ್ಲಿಷಿನ ಒಂದೇ ಪದ ಎರಡನ್ನೂ ಹೇಳುವಾಗ ನಿಘಂಟುಕಾರರು ಕಣ್ಣಿಗೆ ಕಾಣುವ ತಿರುಗುವಿಕೆಯನ್ನು ಹಿಡಿದು ಸುಳಿ ಎಂದರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಅವರು ಓದುವವನಿಗಾಗಿ ಬರೆದರು, ಮುಳುಗುವವನಿಗಾಗಿ ಅಲ್ಲ.

ಅದೇ ಬರಹದ ಕೆಳಗಿನ ಸಾಲಿನಲ್ಲಿ ‘ಫುಟ್ ಎಂಟ್ರಾಪ್‌ಮೆಂಟ್’ ಎಂಬ ಇನ್ನೊಂದು ಪದವಿತ್ತು. ಹರಿಯುವ ನೀರಿನಲ್ಲಿ ನಿಲ್ಲಲು ಹೋದರೆ ಪಾದವು ಬಂಡೆಗಳ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಹರಿವು ಬೆನ್ನನ್ನು ತಳ್ಳಿ ದೇಹವನ್ನು ಮುಂದಕ್ಕೆ ಬಾಗಿಸುತ್ತದೆ, ಎದೆಮಟ್ಟದ ನೀರಿನಲ್ಲಿಯೂ ತಲೆ ಮೇಲೇಳದು. ಈ ಸಾಲನ್ನು ಅಧ್ಯಾಪಕರು ಮೊದಲ ದಿನವೇ ಓದಿದ್ದರು. ಓದಿ ಮುಂದಕ್ಕೆ ಹೋಗಿದ್ದರು.

ಬಹು ವರ್ಷಗಳ ಹಿಂದೆ ಅವರು ಎರಡನೆಯ ಬಿ.ಎ. ತರಗತಿಯನ್ನು ಮದ್ದೂರು ತಾಲ್ಲೂಕಿನ ಆರೆತಿಪ್ಪೂರಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿನ ಜೈನ ಅವಶೇಷಗಳನ್ನು ತೋರಿಸಿ, ಬುತ್ತಿ ಉಣ್ಣುವುದಕ್ಕೆಂದು ಮುತ್ತತ್ತಿಗೆ ಬಂದಿದ್ದರು. ದಡದ ಹಲಗೆಯ ಮೇಲೆ ನೀರು ಆಳವಾಗಿದೆ, ಇಳಿಯಬಾರದು ಎಂದು ಬರೆದಿತ್ತು. ಅಧ್ಯಾಪಕರೇ ಅದನ್ನು ಗಟ್ಟಿಯಾಗಿ ಓದಿ, ಆಳವಿದೆಯಂತೆ, ಜೋಕೆ ಎಂದರು. ಕೆರೆಯ ಏರಿಯ ಮೇಲೆ ಬೆಳೆದ ಒಬ್ಬ ಹುಡುಗ ನಕ್ಕನು. ಹತ್ತಾಳುದ್ದದ ಬಾವಿಗೆ ಮೇಲಿಂದ ಧುಮುಕಿ ಈಜು ಕಲಿತವನಿಗೆ ಆಳವೆಂಬುದು ಹೆದರಿಕೆಯ ಮಾತಲ್ಲ, ಆಹ್ವಾನದ ಮಾತು. ಅವನು ಇಳಿದ ಜಾಗದಲ್ಲಿ ಆಳವೂ ಇರಲಿಲ್ಲ. ನೀರು ಎದೆಯವರೆಗೆ ಬರುತ್ತಿತ್ತು. ಅವನು ನಿಲ್ಲಲು ಯತ್ನಿಸಿದ್ದನ್ನು ಎಲ್ಲರೂ ಕಂಡರು. ಬೀಳುವುದನ್ನೂ ಕಂಡರು. ತೆಪ್ಪದವರು ಅವನನ್ನು ಹೊರತೆಗೆದಾಗ ಒಂದು ಪಾದ ಎರಡು ಕಲ್ಲುಗಳ ನಡುವೆ ಇತ್ತೆಂದು ಹೇಳಿದರು.

ಅಂದಿನಿಂದ ಅಧ್ಯಾಪಕರಿಗೆ ಅರ್ಥವಾಗದೆ ಉಳಿದದ್ದು ಒಂದೇ: ಅಷ್ಟು ಚೆನ್ನಾಗಿ ಈಜಬಲ್ಲವನು ಅಷ್ಟು ಕಡಿಮೆ ನೀರಿನಲ್ಲಿ ಹೇಗೆ ಹೋದನು? ವಿಧಿಯೆಂದರು ಕೆಲವರು, ಸ್ಥಳದ ಮಹಿಮೆಯೆಂದರು ಕೆಲವರು. ಅದಕ್ಕೊಂದು ಕಾರಣವಿದೆ, ಜಗತ್ತಿನ ಬೇರೆ ಹೊಳೆಗಳಲ್ಲಿಯೂ ಹಾಗೆಯೇ ಸಾಯುತ್ತಾರೆ, ಅದಕ್ಕೊಂದು ಹೆಸರನ್ನೂ ಇಟ್ಟಿದ್ದಾರೆ ಎಂಬುದು ಈ ಎರಡು ಪುಟಗಳಿಂದ ತಿಳಿಯಿತು. ಆ ಹೆಸರಿನ ಕನ್ನಡಕ್ಕಾಗಿ ಅವರು ತೆರೆಯ ಮುಂದೆ ಕುಳಿತಾಗ ಬಂದದ್ದು ಕಾನೂನಿನ ಅರ್ಥ: ಮೋಸದಿಂದ ಬಲೆಗೆ ಬೀಳಿಸುವುದು, ಅಪರಾಧಕ್ಕೆ ಪ್ರಚೋದಿಸಿ ಸಿಕ್ಕಿಸುವುದು. ಅವರು ಗಣಕವನ್ನು ಮುಚ್ಚಿದರು.

ಎರಡು ದಿನಗಳ ಬಳಿಕ ಶಿಷ್ಯನೊಡನೆ ಅವರು ಮುತ್ತತ್ತಿಗೆ ಹೋದರು. ಆ ಘಟನೆಯ ಅನಂತರ ಅದೇ ಮೊದಲು. ಮುಂಗಾರಿನ ಆರಂಭ, ನೀರು ಇನ್ನೂ ಕೆಂಪೇರಿರಲಿಲ್ಲ. ದಡದಲ್ಲಿ ತೆಪ್ಪವನ್ನು ಬೋರಲು ಹಾಕಿ ತಳಕ್ಕೆ ಟಾರು ಬಳಿಯುತ್ತಿದ್ದ ಒಬ್ಬ ಹಿರಿಯರ ಬಳಿ ಕುಳಿತು ಅಧ್ಯಾಪಕರು ಕಾಗದ, ಲೇಖನಿ ತೆಗೆದರು.

“ನೀರು ಒಳಗಿನಿಂದ ಎಳೆಯುತ್ತದಲ್ಲ ಯಜಮಾನರೇ, ಅದಕ್ಕೆ ನೀವೇನೆನ್ನುತ್ತೀರಿ?”

“ಏನಂದಾರು ಮೇಷ್ಟ್ರೇ? ಎಳೀತದೆ ಅಂತೀವಿ.”

“ಬಂಡೆಯ ಅಡಿಯ ಪೊಟರೆಗೆ ಸೇರಿಸಿಬಿಟ್ಟರೆ?”

“ಅದುಮ್ಕತದೆ. ಅದುಮ್ಕಂಡ್ರೆ ಬುಡಾಕಿಲ್ಲ.”

“ಅಡ್ಡ ಬಿದ್ದ ಮರಕ್ಕೆ ಸಿಕ್ಕಿಕೊಂಡರೆ?”

“ನೀರು ತೂರ್ಕಂಡೋಯ್ತದೆ, ಆಳು ತೂರಾಕಿಲ್ಲ.”

ಅಧ್ಯಾಪಕರು ಬರೆದುಕೊಂಡ ಹಾಳೆಯಲ್ಲಿ ನಾಮಪದಗಳೇ ಇರಲಿಲ್ಲ. ಎಳೆ, ಅದುಮು, ತೂರು, ಬಿಡು: ಎಲ್ಲವೂ ಧಾತುಗಳು. ಕೋಶವು ಕೇಳುವುದು ಹೆಸರನ್ನು. ನೀರಿನ ಮೇಲೆ ಬದುಕುವವನು ಹೇಳುವುದು ನೀರು ಏನು ಮಾಡುತ್ತದೆ ಎಂಬುದನ್ನು. ಕೇಶಿರಾಜನು ತನ್ನ ವ್ಯಾಕರಣದೊಳಗೆ ಕನ್ನಡ ಧಾತುಗಳ ದೀರ್ಘವಾದ ಪಟ್ಟಿಯೊಂದನ್ನು ಇರಿಸಿದ್ದಾನೆ. ಪರೀಕ್ಷೆಗೆ ಬಾರದ ಭಾಗವೆಂದು ಆ ಪುಟಗಳನ್ನು ತಾವು ಪ್ರತಿವರ್ಷ ದಾಟಿಸಿಬಿಡುತ್ತಿದ್ದುದನ್ನು ಅಧ್ಯಾಪಕರು ದಾರಿಯಲ್ಲಿ ಶಿಷ್ಯನಿಗೆ ಹೇಳಿದರು. ಅಂದು ಅವರ ಕಾಗದದಲ್ಲಿ ಸೇರಿದ ಒಂದೇ ಹೆಸರು ಮಾತಿನ ಕೊನೆಯಲ್ಲಿ ಬಂದಿತು. ಹೊಳೆಯ ನಡುವೆ ದಣಿವಾದರೆ ತೆಪ್ಪವನ್ನು ಎಲ್ಲಿ ನಿಲ್ಲಿಸುತ್ತೀರಿ ಎಂದು ಶಿಷ್ಯನು ಕೇಳಿದ್ದನು.

“ಕಲ್ ಮರೇಲಿ. ಅಲ್ಲಿ ನೀರು ಹಿಂದಕ್ ತಿರುಗ್ತದೆ. ತೆಪ್ಪ ತಾನೇ ನಿಂತ್ಕತದೆ.”

“ಅದು ಸುಳಿಯಲ್ಲವೇ?”

“ಸುಳೀನೇ ಬೇರೆ ಕಣಪ್ಪ. ಸುಳೀಲಿ ಯಾರು ತೆಪ್ಪ ನಿಲ್ಸಾರು?”

ಕಲ್ಲಮರೆ. ಅಧ್ಯಾಪಕರು ಆ ಪದವನ್ನು ಬರೆದು ಕೆಳಗೆ ಗೆರೆ ಎಳೆದರು. ಹಳಗನ್ನಡದಲ್ಲಿ ಅದು ಶಕಟರೇಫದ ‘ಮಱೆ’. ಕಣ್ಣಿಗೆ ಕಾಣದಂತಿರುವುದು ಒಂದರ್ಥ, ಆಶ್ರಯ ಇನ್ನೊಂದರ್ಥ. ಮರೆಹೊಗು ಎಂದರೆ ಶರಣು ಹೋಗು. ಮರೆಹೊಕ್ಕವರನ್ನು ಕಾಯುವವನೆಂಬ ಹೊಗಳಿಕೆ ಶಾಸನಗಳ ಬಿರುದುಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ರಾಜನಿಗೆ ಸಲ್ಲುತ್ತಿದ್ದ ಪದವು ತೆಪ್ಪದವರ ಬಾಯಲ್ಲಿ ಬಂಡೆಗೆ ಸಂದಿದೆ. ಎರಡೂ ಪದಗಳು ಕನ್ನಡದವೇ ಆದ್ದರಿಂದ ಕೇಶಿರಾಜನ ಆಕ್ಷೇಪಣೆಗೂ ಎಡೆಯಿಲ್ಲ. ಅದಕ್ಕಿಂತ ಮುಖ್ಯವಾಗಿ, ಕೇಳಿದವನಿಗೆ ಬಂಡೆಯ ಯಾವ ಬದಿಗೆ ಹೋಗಬೇಕೆಂಬುದು ಅದರಲ್ಲೇ ತಿಳಿಯುತ್ತದೆ. ನೀರಿನ ಪೆಟ್ಟಿಗೆ ಮರೆಯಾಗುವುದು ಬಂಡೆಯ ಹಿಂದೆಯೇ ಹೊರತು ಮುಂದೆ ಅಲ್ಲ.

ಇಲ್ಲಿಗೆ ನಿಲ್ಲಿಸಿದರೆ ಊರಿನವರ ಮಾತು ಗೆದ್ದಿತು, ಕೋಶ ಸೋತಿತು ಎಂಬ ನೀತಿಕಥೆಯಾಗುತ್ತದೆ. ನಿಜಸ್ಥಿತಿ ಅಷ್ಟು ಸರಳವಾಗಿರಲಿಲ್ಲ. ನೀರಿನಲ್ಲಿ ನಿಲ್ಲಲು ಹೋಗಬಾರದೆಂಬ ಮಾತನ್ನು ಶಿಷ್ಯನು ಎತ್ತಿದಾಗ ಆ ಹಿರಿಯರು ಒಪ್ಪಲೇ ಇಲ್ಲ. ಮೊಣಕಾಲುದ್ದ, ಸೊಂಟದುದ್ದ ನೀರಿನಲ್ಲಿ ಏನಾಗುತ್ತದೆ, ತಾವು ನಿತ್ಯವೂ ನಿಂತೇ ಬಲೆ ಬಿಡುವುದಿಲ್ಲವೇ ಎಂದರು. ಹುಟ್ಟಿದಂದಿನಿಂದ ಪಾದಕ್ಕೆ ಪರಿಚಯವಾದ ಕಲ್ಲುಗಳ ಮೇಲೆ ನಿಲ್ಲುವವರ ಅನುಭವ ಅದು. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಬಂದವನ ಪಾದಕ್ಕೆ ಆ ಪರಿಚಯ ಇರುವುದಿಲ್ಲ. ಈ ಒಂದು ಸಂಗತಿಯಲ್ಲಿ ದೂರದ ಇಂಗ್ಲಿಷ್ ಬರಹವೇ ಸರಿ, ದಡದ ಮಾತು ಸಾಲದು. ಅದಕ್ಕೆ ಪದ ತೆಪ್ಪದವರಲ್ಲಿಯೂ ಇರಲಿಲ್ಲ, ಕೋಶದಲ್ಲಿಯೂ ಇರಲಿಲ್ಲ. ಪಾದಬಂಧನ ಎಂದು ಒಮ್ಮೆ ಬರೆದು ನೋಡಿ, ಅದು ಯಾವುದೋ ಸ್ತೋತ್ರದ ಹೆಸರಿನಂತೆ ಕೇಳುತ್ತದೆಂದು ಅಧ್ಯಾಪಕರು ಹೊಡೆದುಹಾಕಿದರು. ಕಾಲ್ಸೆರೆ ಎಂದು ಬರೆದರು. ಚೆಲುವಾದ ಪದ. ಆಂಡಯ್ಯನು ಕಬ್ಬಿಗರ ಕಾವದಲ್ಲಿ ಸಂಸ್ಕೃತದ ಸೋಂಕಿಲ್ಲದೆ ಬರೆದ ಧಾಟಿಯದು. ಆದರೆ ಓದಿದವನಿಗೆ ಅರ್ಥವಾಗಲು ಕೆಳಗೊಂದು ಟಿಪ್ಪಣಿ ಬೇಕು. ಹೊಳೆಯ ದಡದಲ್ಲಿ ಟಿಪ್ಪಣಿ ಓದುವವರು ಯಾರು?

ಕೊನೆಗೆ ಅವರು ಅಲ್ಲಿ ಪದವನ್ನೇ ಬಿಟ್ಟು ವಾಕ್ಯವನ್ನು ಇರಿಸಿದರು: ನೀರಿನಲ್ಲಿ ನಿಲ್ಲಲು ಹೋಗಬೇಡಿ, ಕಾಲು ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಆಮೇಲೆ ನೀರು ತಲೆಯನ್ನು ಎತ್ತಲು ಬಿಡುವುದಿಲ್ಲ. ಮರದ ಕೊಂಬೆಗಳಿಗೂ ಹಾಗೆಯೇ. ಅಂಡರ್‌ಕರೆಂಟ್ ‘ಸೆಳವು’ ಆಯಿತು. ಬರಿಯ ಸೆಳವು, ಒಳಗೂ ಇಲ್ಲ, ಅಂತಃ ಎಂಬುದೂ ಇಲ್ಲ. ಸುಳಿ, ಮಡು, ಪೊಟರೆ ತಮ್ಮ ತಮ್ಮ ಜಾಗದಲ್ಲಿ ನಿಂತವು. ಜೀವರಕ್ಷಕ ಕವಚವೆಂದು ಕೋಶ ಕೊಟ್ಟದ್ದನ್ನು ಅವರು ಲೈಫ್ ಜಾಕೆಟ್ ಎಂದೇ ಬರೆದರು. ಅದನ್ನು ಬಾಡಿಗೆಗೆ ಕೊಡುವವರೂ ತೊಡುವವರೂ ಹಾಗೆಯೇ ಕರೆಯುತ್ತಾರೆ. ತೇಲುವ ಬಲದ ಬಗ್ಗೆ ಇದ್ದ ಒಂದು ಸಾಲಿಗೆ ಮಾತ್ರ ಶಾಲಾಪಠ್ಯದ ‘ಪ್ಲವನತೆ’ ಬೇಕೋ ‘ತೇಲುವಿಕೆ’ ಬೇಕೋ ಎಂದು ಬಹಳ ತಡವರಿಸಿ, ಆ ಸಾಲನ್ನೇ ತೆಗೆದರು.

ಶಿಷ್ಯನು ಬುದ್ಧಿವಂತ. ಇಷ್ಟು ಶ್ರಮಪಟ್ಟ ಮೇಲೆ ಪದಗಳ ಪಟ್ಟಿಯೊಂದನ್ನೂ ಮಾಡಿಕೊಡಿ, ಮುಂದೆ ಯಾವುದಾದರೂ ಕೋಶಕ್ಕೆ ಸೇರಿಸಲು ಕಳುಹಿಸೋಣ ಎಂದನು. ಇಂಗ್ಲಿಷ್ ಪದ, ಕನ್ನಡ ಪದ, ಕ್ಷೇತ್ರ, ಅರ್ಥವಿವರಣೆ, ಆಧಾರ ಎಂದು ಐದು ಅಂಕಣಗಳನ್ನು ಅವನೇ ಹಾಕಿಕೊಟ್ಟಿದ್ದನು. ಕಲ್ಲಮರೆಯ ಎದುರು ಆಧಾರದ ಅಂಕಣದಲ್ಲಿ ಅಧ್ಯಾಪಕರು ‘ಮುತ್ತತ್ತಿಯ ತೆಪ್ಪದವರು, ಬಾಯಿಮಾತು’ ಎಂದು ಬರೆದರು. ಬದುಕಿನುದ್ದಕ್ಕೂ ಆಧಾರವೆಂದರೆ ಪದ್ಯಸಂಖ್ಯೆ, ಶಾಸನಸಂಖ್ಯೆ ಎಂದು ವಿದ್ಯಾರ್ಥಿಗಳಿಗೆ ಹೇಳಿದವರಿಗೆ ಅದನ್ನು ಬರೆಯುವಾಗ ಒಂದು ಕ್ಷಣ ಸಂಕೋಚವಾಯಿತು. ಪಾದ ಸಿಕ್ಕಿಕೊಳ್ಳುವುದರ ಎದುರು ಕನ್ನಡ ಪದದ ಅಂಕಣವನ್ನು ಖಾಲಿ ಬಿಟ್ಟು, ಅರ್ಥವಿವರಣೆಯನ್ನು ಮಾತ್ರ ತುಂಬಿದರು. ಅದು ಉಳಿದೆಲ್ಲ ವಿವರಣೆಗಳಿಗಿಂತ ದೀರ್ಘವಾಗಿತ್ತು, ಪಟ್ಟಿಯ ಗೆರೆಗಳನ್ನು ಮೀರಿ ಹಾಳೆಯ ಹಿಂಬದಿಗೂ ಹರಿದಿತ್ತು.

ಕರಪತ್ರ ಅಚ್ಚಿಗೆ ಹೋಗುವ ಹಿಂದಿನ ದಿನ ಶಿಷ್ಯನಿಂದ ಕರೆ ಬಂದಿತು. ಎಲ್ಲವೂ ಸರಿಯಾಗಿದೆ, ಆದರೆ ನೀರು ಆಳವಾಗಿದೆ ಎಂಬ ಮಾತು ಇಡೀ ಕರಪತ್ರದಲ್ಲಿ ಎಲ್ಲಿಯೂ ಇಲ್ಲವಲ್ಲ ಸಾರ್, ಮರೆತಿರೇನೋ ಎಂದನು.

ಮರೆತಿಲ್ಲ ಎಂದರು ಅಧ್ಯಾಪಕರು.